ಚರಟದಲ್ಲಿ ಉಳಿದದ್ದು

ಲ್ಯಾಬಿನ ಕೆಲಸಕ್ಕೆ ಸೇರಬೇಕು ಎಂದು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಯಂತ್ರಗಳ ವಿಷಯ. ಯಾವ ಯಂತ್ರ ಇದೆ, ಎಷ್ಟು ಸ್ಯಾಂಪಲ್ ಒಟ್ಟಿಗೆ ಹಾಕಬಹುದು, ರಿಪೋರ್ಟ್ ತಾನಾಗಿಯೇ ಬರುತ್ತದಾ ಎಂದು. ನಾನು ನಿವೃತ್ತಳಾದ ಮೇಲೂ ಒಂದಿಬ್ಬರು ಮನೆಗೆ ಬಂದು ಇದನ್ನೇ ಕೇಳಿದರು. ಯಂತ್ರದ ವಿಷಯವನ್ನು ಅದನ್ನು ಮಾರುವವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಗೊತ್ತಿರುವುದು ಬೇರೆ. ಸಾಗರದ ಒಂದು ಸಣ್ಣ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಬೂದಿ ಮಾಡಿದ್ದೇನೆ.

ತಮಾಷೆಗೆ ಹೇಳುತ್ತಿಲ್ಲ. ಒಂದು ಪದಾರ್ಥದಲ್ಲಿ ಕ್ಯಾಲ್ಸಿಯಂ ಎಷ್ಟಿದೆ, ಕಬ್ಬಿಣ ಎಷ್ಟಿದೆ ಎಂದು ತಿಳಿಯಬೇಕಾದರೆ ಅದನ್ನು ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಯಲ್ಲಿ ಸುಡಬೇಕು. ರುಚಿ, ಬಣ್ಣ, ಪರಿಮಳ ಎಲ್ಲ ಹೊಗೆಯಾಗಿ ಹೋಗಿ ಕೊನೆಗೆ ಒಂದು ಚಿಟಿಕೆ ಬಿಳಿ ಬೂದಿ ಉಳಿಯುತ್ತದೆ. ಖನಿಜವೆಲ್ಲ ಅದರಲ್ಲಿರುತ್ತದೆ. ಅದನ್ನು ಆಸಿಡ್‌ನಲ್ಲಿ ಕರಗಿಸಿ, ಸೋಸಿ, ಅಳೆಯುವುದು ನಮ್ಮ ಕೆಲಸ. ಬೆಲ್ಲ, ಜೇನು, ಉಪ್ಪಿನಕಾಯಿ, ಹಪ್ಪಳ, ದನದ ಹಿಂಡಿ, ಏನು ಬಂದರೂ ಸುಡುವುದೇ. ನನ್ನ ಅಮ್ಮ ಇದ್ದಷ್ಟು ದಿನ ಯಾರಾದರೂ "ಮಗಳು ಎಂತ ಕೆಲಸ ಮಾಡ್ತು?" ಎಂದು ಕೇಳಿದರೆ, "ಊರವರ ಅಡುಗೆ ಸುಡ್ತು" ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನನಗೆ ಕೆಲಸ ಕಲಿಸಿದವರು ಲ್ಯಾಬಿನ ಮುಖ್ಯಸ್ಥರಾಗಿದ್ದ ಜೋಯಿಸ್ ಸರ್. ಗಿಡ್ಡ ಆಳು, ಬಡಕಲು ಮೈ, ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ. ನಮ್ಮಿಬ್ಬರದೂ ಒಂದೇ ಮನೆಮಾತು. ಎಲ್ಲರೆದುರು ನನ್ನನ್ನು 'ನಾಗವೇಣಿಯವರೇ' ಎಂದು ಕರೆಯುತ್ತಿದ್ದ ಮನುಷ್ಯ ಬೈಯುವಾಗ ಮಾತ್ರ ಮನೆಮಾತಿಗೆ ಇಳಿಯುತ್ತಿದ್ದರು. ಹಾಗಾಗಿ ಅವರು 'ತಂಗಿ' ಎಂದರೆ ಸಾಕು, ಏನೋ ತಪ್ಪಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ನಾನು ಸೇರಿದ ಮೊದಲ ವರ್ಷವೇ ನೀರು ಬಟ್ಟಿ ಇಳಿಸುವ ಉಪಕರಣ ಕೆಟ್ಟಿತು. ಲ್ಯಾಬಿನಲ್ಲಿ ಬಟ್ಟಿ ಇಳಿಸಿದ ನೀರಲ್ಲದೆ ಬೇರೆ ನೀರು ಮುಟ್ಟಬಾರದು. ನಾನು ಹೊಸಬಳು, ಕೆಲಸ ನಿಲ್ಲಿಸಿದರೆ ಬೈಯುತ್ತಾರೆಂದು ಹೆದರಿ ಹಿತ್ತಲ ಬಾವಿಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಬಳಸಿಬಿಟ್ಟೆ. ಆಗ ಕಬ್ಬಿಣ ನೋಡುವ ಕ್ರಮ ಸರಳವಾಗಿತ್ತು. ಬೂದಿ ಕರಗಿಸಿದ ನೀರಿಗೆ ಒಂದು ಮದ್ದು ಹಾಕಿದರೆ, ಕಬ್ಬಿಣ ಇದ್ದಲ್ಲಿ ಕೆಂಪಾಗುತ್ತದೆ. ಹೆಚ್ಚಿದ್ದಷ್ಟೂ ಕಡುಕೆಂಪು. ಪಕ್ಕದಲ್ಲಿ ಗೊತ್ತಿರುವ ಅಳತೆಯ ಕೆಂಪು ನೀರು ತುಂಬಿದ ಗಾಜಿನ ನಳಿಗೆಗಳ ಸಾಲು ಇರುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನಮ್ಮ ನಳಿಗೆ ಯಾವುದಕ್ಕೆ ಹೊಂದುತ್ತದೆ ಎಂದು ಕಣ್ಣಳತೆಯಲ್ಲೇ ನೋಡುವುದು. ಆ ವಾರ ನಮ್ಮಲ್ಲಿಗೆ ಬಂದ ಬೆಲ್ಲದಲ್ಲಿ ಕಬ್ಬಿಣ, ಹಾಲಿನಲ್ಲಿ ಕಬ್ಬಿಣ, ಕೊನೆಗೆ ಬಿಳಿ ಸಕ್ಕರೆಯಲ್ಲೂ ಕಬ್ಬಿಣ! ನಾನು ಹಿಗ್ಗಿನಿಂದ ಬರೆಯುತ್ತಾ ಹೋದೆ.

ಜೋಯಿಸ್ ಸರ್ ಪುಸ್ತಕ ನೋಡಿದರು. ಒಂದು ಖಾಲಿ ನಳಿಗೆ ತೆಗೆದುಕೊಂಡು, ಸಕ್ಕರೆಯನ್ನೂ ಹಾಕದೆ ಬೂದಿಯನ್ನೂ ಹಾಕದೆ, ನಾನು ತಂದಿಟ್ಟ ನೀರನ್ನಷ್ಟೇ ಹುಯ್ದು ಮದ್ದು ಬಿಟ್ಟರು. ನೀರು ಕೆಂಪಾಯಿತು. ನಮ್ಮ ಕೆಂಪು ಮಣ್ಣಿನ ಬಾವಿ.

"ಸಕ್ಕರೆಯಲ್ಲಿ ಅಲ್ಲ ತಂಗಿ, ನೀರಲ್ಲೇ ಇದ್ದು ಕಬ್ಬಿಣ" ಎಂದರು. "ನೀ ಎಂತ ಅಳದ್ದೆ ಹೇಳಿ ನಿಂಗೇ ಗೊತ್ತಿಲ್ಲೆ."

ನಿಜ, ನಾನು ಅಳೆದದ್ದು ಏನನ್ನು ಎಂದು ನನಗೇ ತಿಳಿದಿರಲಿಲ್ಲ. ಆ ವಾರದ ಎಲ್ಲ ಕೆಲಸವನ್ನೂ ಮತ್ತೆ ಮಾಡಿದೆ. ಅಳುತ್ತಲೇ ಮಾಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಎರಡನೆಯ ಪಾಠ ಕಳಲೆಯದು. ತೀರ್ಥಹಳ್ಳಿಯ ಕಡೆಯ ಒಬ್ಬ ಮೇಷ್ಟ್ರು ಎಳೆ ಬಿದಿರಿನ ಕಳಲೆ ತಂದು ಇದರಲ್ಲಿ ಏನೇನು ಸತ್ವ ಇದೆ ನೋಡಿಕೊಡಿ ಎಂದರು. ನಾನು ತೊಳೆದೆ, ಕೊಚ್ಚಿದೆ, ಒಣಗಿಸಿದೆ, ಸುಟ್ಟೆ. ಪೊಟ್ಯಾಸಿಯಂ ಚೆನ್ನಾಗಿ ಬಂತು. ಜೋಯಿಸ್ ಸರ್ ರಿಪೋರ್ಟ್ ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ತಂಗಿ, ನಿಮ್ಮನೆಲಿ ಕಳಲೆನ ಹಾಂಗೇ ಹೆಚ್ಚಿ ಪಲ್ಯ ಮಾಡ್ತ್ರಾ?"

ಇಲ್ಲ. ಯಾರೂ ಮಾಡುವುದಿಲ್ಲ. ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಿನಲ್ಲಿ ನೆನೆಸಿ, ದಿನಾ ನೀರು ಚೆಲ್ಲಿ ಬೇರೆ ನೀರು ಹಾಕಿ, ಆಮೇಲೇ ಒಲೆಗೆ ಏರಿಸುವುದು. ಇಲ್ಲದಿದ್ದರೆ ಅದು ವಿಷ. ಹುಟ್ಟಿದಾಗಿನಿಂದ ಅಮ್ಮ ಮಾಡುವುದನ್ನು ನೋಡಿದವಳು ನಾನು. ಆದರೆ ಬಿಳಿ ಕೋಟು ತೊಟ್ಟ ಕೂಡಲೇ ಅಮ್ಮನ ಅಡುಗೆಮನೆ ಮರೆತುಹೋಗಿತ್ತು. ಅಳೆದದ್ದು ಯಾರೂ ತಿನ್ನದ ಕಳಲೆಯನ್ನು. ನೆನೆಸಿ ನೋಡಿದಾಗ ಪೊಟ್ಯಾಸಿಯಂ ಮುಕ್ಕಾಲು ಪಾಲು ಚೆಲ್ಲಿದ ನೀರಿನಲ್ಲೇ ಹೋಗಿತ್ತು.

ಅದರ ಮರುದಿನ ಸರ್ ನಮ್ಮ ದಪ್ಪ ರಿಜಿಸ್ಟರಿನಲ್ಲಿ ಸ್ಕೇಲು ಇಟ್ಟು ಇನ್ನೊಂದು ಗೆರೆ ಎಳೆದರು. ಹೊಸ ಕಾಲಂ. ಮೇಲೆ ತಮ್ಮ ದುಂಡು ಅಕ್ಷರದಲ್ಲಿ 'ಹೇಗೆ ತಿನ್ನುತ್ತಾರೆ?' ಎಂದು ಬರೆದರು. ಅಂದಿನಿಂದ ಸ್ಯಾಂಪಲ್ ತಂದ ಪ್ರತಿಯೊಬ್ಬರನ್ನೂ ಕೂರಿಸಿ ಕೇಳಬೇಕು. ಸಿಪ್ಪೆ ಸುಲಿಯುತ್ತೀರಾ, ನೆನೆಸುತ್ತೀರಾ, ಬೇಯಿಸಿದ ನೀರು ಬಸಿಯುತ್ತೀರಾ? ಜನಕ್ಕೆ ಇದು ತಲೆಹರಟೆಯಾಗಿ ಕಾಣುತ್ತಿತ್ತು. ಒಬ್ಬ ಹಪ್ಪಳದ ವ್ಯಾಪಾರಿ, "ಹಪ್ಪಳ ಹೆಂಗೆ ತಿಂತಾರೆ ಅಂತ ಗೊತ್ತಿಲ್ದೇ ಲ್ಯಾಬ್ ಇಟ್ಕಂಡಿದೀರಾ?" ಎಂದು ಎದ್ದೇ ಹೋದ. ಸರ್ ಕಾಲಂ ಬಿಡಲಿಲ್ಲ.

ಅವರು ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಕೊಂಡರು. ಲ್ಯಾಬು ನನ್ನ ಕೈಗೆ ಬಂತು. ಕಣ್ಣಳತೆ ಹೋಗಿ ಬಣ್ಣ ಅಳೆಯುವ ಯಂತ್ರ ಬಂತು. ನಮ್ಮಲ್ಲಿ ಆಗದ್ದನ್ನು ತಾಳಗುಪ್ಪದ ರೈಲು ಹತ್ತಿಸಿ ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸುವುದು ರೂಢಿಯಾಯಿತು. ಕೊನೆಗೆ ಕಂಪ್ಯೂಟರ್ ಬಂತು. ಅದರಲ್ಲಿ ರಿಪೋರ್ಟಿನ ನಮೂನೆ ಹಾಕಿಕೊಡಲು ಬಂದವನು ಹಳೆಯ ರಿಜಿಸ್ಟರ್ ನೋಡಿ, "ಈ ಕೊನೇ ಕಾಲಂ ಬೇಕಾ ಮೇಡಂ? ನಮೂನೇಲಿ ಜಾಗ ಇಲ್ಲ" ಎಂದ.

"ಬೇಡ ಬಿಡಿ" ಎಂದೆ.

ಇದನ್ನು ಬೇರೆ ಯಾರೂ ಹೇಳಲಿಲ್ಲ, ನಾನೇ ಹೇಳಿದ್ದು. ಇಷ್ಟು ವರ್ಷದ ಅನುಭವ ಇರುವಾಗ ಕೇಳಿ ಬರೆಯುವ ಅಗತ್ಯವೇನು ಎಂಬ ಸೊಕ್ಕು. ಇನ್ನು ಮುಂದೆ ಬರೆಯುವುದೆಲ್ಲ ಆ ಎರಡು ಮಾತಿನಿಂದ ಆದದ್ದು. ನನ್ನ ವೃತ್ತಿಯಲ್ಲಿ ನೀವು ತಿಳಿಯಬೇಕಾದದ್ದು ಇದೊಂದೇ ಎಂದರೂ ನಡೆಯುತ್ತದೆ.

ಒಂದು ಬೇಸಿಗೆಯ ಕೊನೆಯಲ್ಲಿ ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ಮೂವರು ಹೆಂಗಸರು ಬಂದರು. ಸ್ತ್ರೀಶಕ್ತಿ ಗುಂಪಿನವರು. ಮುಂದಾಳು ಲಲಿತಕ್ಕ, ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಅತ್ತೆ-ಮಾವ ಗೇಣಿಗೆ ಮಾಡುತ್ತಿದ್ದ ಜಮೀನು ಈಗ ಅವರದೇ. ಗದ್ದೆಯ ಜೊತೆಗೆ ಏನಾದರೂ ಮಾಡಬೇಕು ಎಂದು ಹಟ ಹಿಡಿದು ಗುಂಪು ಕಟ್ಟಿದವಳು. ಅವರು ತಂದದ್ದು ಹಣ್ಣು-ಮಸಾಲೆಯ ಚಹಾ ಪುಡಿ. ಚಹಾ ಎಂದರೆ ಹೆಸರಿಗೆ ಮಾತ್ರ, ಚಹಾ ಎಲೆ ಅದರಲ್ಲಿ ಇಲ್ಲ. ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆ, ಜೀರಿಗೆ, ಕೊತ್ತಂಬರಿ, ಸ್ವಲ್ಪ ಮೆಂತ್ಯ, ಒಣ ಶುಂಠಿ, ಕಾಳುಮೆಣಸು, ದಾಲ್ಚಿನ್ನಿ. ಪೊಟ್ಟಣ ಬಿಚ್ಚಿದರೆ ಇಡೀ ಲ್ಯಾಬು ಘಮಘಮ.

"ಇದ್ರಲ್ಲಿ ಎಂತೆಂತ ಐತೆ ಅಂತ ಬರ್ಕೊಡ್ಬೇಕಂತೆ ಮೇಡಂ. ಇಲ್ದಿದ್ರೆ ಅಂಗಡಿಯೋರು ಇಟ್ಕಳದಿಲ್ಲ ಅಂತಾರೆ" ಎಂದಳು ಲಲಿತಕ್ಕ.

ಸುಟ್ಟೆ. ಬೂದಿ ತುಂಬ ಚೆನ್ನಾಗಿ ಬಂತು. ಪೊಟ್ಯಾಸಿಯಂ ಜೋರು, ಕ್ಯಾಲ್ಸಿಯಂ ಪರವಾಗಿಲ್ಲ, ಮೆಗ್ನೀಸಿಯಂ ಇದೆ. ಸುಡದೆ ಬೇರೆಯಾಗಿ ನೋಡಿದ ವಿಟಮಿನ್ ಸಿ ಮಾತ್ರ ಹಣ್ಣು ಒಣಗಿಸಿದ ಬಿಸಿಲಿಗೇ ಹಾರಿಹೋಗಿತ್ತು. ಮುರುಗಲು ಹುಳಿ ಇದೆಯಲ್ಲ, ವಿಟಮಿನ್ ಇರಲೇಬೇಕು ಎಂದು ಆ ಹೆಂಗಸರು ವಾದ ಮಾಡಿದರು. ಹುಳಿ ಇದ್ದ ಮಾತ್ರಕ್ಕೆ ವಿಟಮಿನ್ ಇರುವುದಿಲ್ಲ ಎಂದು ತಿಳಿಹೇಳಿದೆ. ಆದರೆ ಕಬ್ಬಿಣ! ಎರಡು ಸಲ ಮಾಡಿ ನೋಡಿದೆ. ಜೀರಿಗೆ, ಕೊತ್ತಂಬರಿಯಲ್ಲಿ ಕಬ್ಬಿಣ ಹೇರಳ ಇರುತ್ತದೆ, ಅದು ಗೊತ್ತಿರುವ ಸಂಗತಿ. ಖಾಲಿ ನೀರನ್ನೂ ಪರೀಕ್ಷಿಸಿದೆ, ಜೋಯಿಸ್ ಸರ್ ಕಲಿಸಿದ ಹಾಗೆ. ಬೀಸುವ ಯಂತ್ರದ ಸವಕಳಿ ಸೇರಿರಬಹುದೇ ಎಂದು ಬೀಸದೆ ಕುಟ್ಟಿದ್ದನ್ನೂ ತರಿಸಿ ನೋಡಿದೆ. ಲೆಕ್ಕ ಅಲುಗಾಡಲಿಲ್ಲ. ನೂರು ಗ್ರಾಂ ಪುಡಿಯಲ್ಲಿ ಇಷ್ಟು ಎಂದು ಬರೆದು ಸಹಿ ಹಾಕಿದೆ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಕೈಗೆ ಒಳ್ಳೆಯ ಸುದ್ದಿ ಬರುವುದೇ ಅಪರೂಪ. ಕಲಬೆರಕೆ, ಮರಳು, ಬೂಷ್ಟು ಇವನ್ನೇ ಹೇಳಿ ಹೇಳಿ ನಾಲಿಗೆ ಕಹಿಯಾಗಿತ್ತು. "ಲಲಿತಕ್ಕ, ಕಬ್ಬಿಣ ಎಷ್ಟು ಚೆನ್ನಾಗಿದೆ ಗೊತ್ತಾ? ಪೊಟ್ಟಣದ ಮೇಲೆ ದೊಡ್ಡದಾಗಿ ಹಾಕಿಸಿ" ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ನಕ್ಕಳು. ಹಾಗೆಯೇ ಹಾಕಿಸಿದರು. ತೀರ್ಥಹಳ್ಳಿಯ ಒಬ್ಬ ಅಂಗಡಿಯವನು ಅದನ್ನು ನೋಡಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಬಾಗಿಲಲ್ಲೇ 'ರಕ್ತ ಹೆಚ್ಚಿಸುವ ಚಹಾ' ಎಂದು ಬೋರ್ಡ್ ತೂಗುಹಾಕಿದ. ಒಂದು ದಿನ ಅಲ್ಲಿಗೆ ಹೋದಾಗ ಬೋರ್ಡ್ ನಾನೇ ಕಂಡೆ. ತೆಗೆಸಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು.

ಆ ವರ್ಷದ ಕೊನೆಗೆ ನಿಟ್ಟೂರಿನ ಕಡೆಯ ಆಶಾ ಕಾರ್ಯಕರ್ತೆ ಗಿರಿಜಾ ಲ್ಯಾಬಿಗೆ ಬಂದಳು. ಕೈಯಲ್ಲಿ ಆ ಚಹಾದ ಪೊಟ್ಟಣ. ಲಲಿತಕ್ಕನ ಸೊಸೆ ಸವಿತಾ ಬಸುರಿ, ಐದು ತಿಂಗಳು ನಡೆಯುತ್ತಿದೆ, ಮೈಯಲ್ಲಿ ರಕ್ತ ತೀರಾ ಕಡಿಮೆ, ಹೋದ ತಿಂಗಳಿಗಿಂತ ಈ ತಿಂಗಳು ಇನ್ನೂ ಇಳಿದಿದೆ ಎಂದಳು. ತಾಯಿ ಕಾರ್ಡಿನಲ್ಲಿ ಬರೆದಿದ್ದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದಳು, ತೋರಿಸಿದಳು.

"ಕಬ್ಬಿಣದ ಮಾತ್ರೆ ಕೊಟ್ರೆ ವಾಂತಿ ಬಂದಂಗೆ ಆಗ್ತದೆ ಅಂತ ಬಿಟ್ಟಿದಾಳೆ ಮೇಡಂ. ದಿನಕ್ಕೆ ಮೂರು ಸಲ ಈ ಚಾ ಕುಡೀತಾಳೆ. ಮಾತ್ರೆಲಿರೋದೇ ಇದ್ರಲ್ಲೂ ಐತಲ್ಲ ಅಂತಾಳೆ. ನಿಜವಾಗ್ಲೂ ಐತಾ ಮೇಡಂ?"

ನನಗೆ ಚುರುಕ್ ಎಂದಿತು. ಸವಿತಳ ಬಗ್ಗೆ ಅಲ್ಲ, ನನ್ನ ರಿಪೋರ್ಟಿನ ಬಗ್ಗೆ. ಗಿರಿಜಾ ತಂದ ಆ ಪೊಟ್ಟಣವನ್ನೇ ಇಟ್ಟುಕೊಂಡು ಅವಳನ್ನು ಕಳಿಸಿ, ಪುಡಿ ತೆಗೆದು ಕುಲುಮೆಗೆ ಇಟ್ಟೆ. ಸಂಜೆ ಫೋನ್ ಮಾಡಿ ಹೇಳಿದೆ. ಅದೇ ಲೆಕ್ಕ, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ.

"ಮತ್ತೆ ರಕ್ತ ಯಾಕೆ ಏರ್ತಿಲ್ಲ ಮೇಡಂ?"

"ಸರಿಯಾಗಿ ಕುಡಿಯುತ್ತಿಲ್ಲ ಅಷ್ಟೆ. ಇಲ್ಲವಾದರೆ ಬೇರೆ ಏನೋ ತೊಂದರೆ ಇರಬೇಕು. ಡಾಕ್ಟರಿಗೆ ತೋರಿಸಿ."

"ಕುಡೀತಾಳೆ ಮೇಡಂ, ನಾನೇ ಕಂಡಿದೀನಿ. ನೀವೊಂದ್ಮಾತು ಲಲಿತಕ್ಕಂಗೆ ಹೇಳಿ, ಮಾತ್ರೆನೂ ನುಂಗ್ಲಿ ಅಂತ. ನಾ ಹೇಳಿದ್ರೆ ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ."

"ಅದು ನನ್ನ ಕೆಲಸ ಅಲ್ಲಮ್ಮ" ಎಂದೆ.

ಮೂವತ್ತು ವರ್ಷದಲ್ಲಿ ಎಷ್ಟೋ ತಪ್ಪು ಮಾಡಿದ್ದೇನೆ. ಬಟ್ಟಲು ಅದಲುಬದಲು ಮಾಡಿದ್ದೇನೆ, ಒಮ್ಮೆ ಸೊನ್ನೆ ಬಿಟ್ಟುಹೋಗಿ ಪೂರಾ ರಿಪೋರ್ಟ್ ವಾಪಸು ಪಡೆದಿದ್ದೇನೆ. ಅವು ಯಾವುವೂ ಈಗ ನೆನಪಾಗಿ ಕಾಡುವುದಿಲ್ಲ. ಆ ನಾಲ್ಕು ಪದ ಕಾಡುತ್ತವೆ. ಗಿರಿಜಾ, "ಆಯ್ತು ಮೇಡಂ" ಎಂದು ಫೋನ್ ಇಟ್ಟಳು.

ಮೂರು ವಾರದ ಮೇಲೆ ಗುಂಪಿನವರ ಹೊಸ ತಯಾರಿಕೆಯ ಸ್ಯಾಂಪಲ್ ತೆಗೆಯಲು ನಾನೇ ನಿಟ್ಟೂರಿಗೆ ಹೋದೆ. ಹೊಸನಗರ, ಆಮೇಲೆ ನಗರ ಎಂಬ ಊರು ದಾಟಿ ಬಸ್ಸು ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಲಲಿತಕ್ಕನ ಮನೆಯ ಮುಂದಿನ ಕೋಣೆಯೇ ಅವರ ತಯಾರಿಕೆಯ ಜಾಗ. ಸ್ಟೀಲ್ ತಟ್ಟೆಗಳು, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ನೆಲ ಕನ್ನಡಿಯ ಹಾಗೆ. ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲೇ ನನ್ನ ರಿಪೋರ್ಟು, ಲ್ಯಾಮಿನೇಷನ್ ಮಾಡಿಸಿ ತೂಗುಹಾಕಿದ್ದರು. ಯಾರೋ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು.

ಸವಿತಾ ಬಂದು ನಮಸ್ಕಾರ ಮಾಡಿದಳು. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ತುಟಿ, ಉಗುರು ಎಲ್ಲ ಸುಣ್ಣ ಬಳಿದ ಹಾಗೆ. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. "ಕೂತ್ಕಳಿ ಮೇಡಂ, ಚಾ ತರ್ತೀನಿ" ಎಂದು ಒಳಗೆ ಹೋದಳು.

ಅಡುಗೆಮನೆಯ ಹಿಂಬಾಗಿಲು ನಾನು ಕೂತಲ್ಲಿಂದ ನೇರ ಕಾಣುತ್ತಿತ್ತು. ಪಾತ್ರೆಯಲ್ಲಿ ಪುಡಿ ಕುದಿಯಿತು. ಸವಿತಾ ಪಾತ್ರೆ ಇಳಿಸಿ ತೆಳ್ಳಗಿನ ಬಟ್ಟೆಯಲ್ಲಿ ಸೋಸಿದಳು. ಬಟ್ಟೆಯನ್ನು ಚೆನ್ನಾಗಿ ಹಿಂಡಿದಳು. ಒಳ್ಳೆ ಕೆಲಸಗಾತಿ, ಒಂದು ಹನಿಯನ್ನೂ ಬಿಡಲಿಲ್ಲ. ಆಮೇಲೆ ಹಿಂಬಾಗಿಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಾಳೆಯ ಬುಡಕ್ಕೆ ಚರಟ ಕೊಡವಿದಳು. ಅಲ್ಲಿ ಮೊದಲೇ ಒಂದು ಸಣ್ಣ ಗುಡ್ಡೆ ಬಿದ್ದಿತ್ತು. ಮುರುಗಲಿನ ಸಿಪ್ಪೆಯ ಕಪ್ಪುಗೆಂಪು ಬಣ್ಣ, ನಡುನಡುವೆ ಕೊತ್ತಂಬರಿಯ ಹೊಟ್ಟು.

ಚಹಾ ನನ್ನ ಕೈಗೆ ಬಂತು. ಬಣ್ಣ ಚೆಂದ, ಪರಿಮಳ ಚೆಂದ, ಬೆಲ್ಲ ಹದವಾಗಿತ್ತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ದಿನಾ ಚರಟ ಅಲ್ಲಿಗೇ ಹಾಕ್ತೀಯಾ ಸವಿತಾ?"

"ಹೂಂ ಮೇಡಂ. ಬಾಳೆಗೆ ಒಳ್ಳೇದಂತೆ."

ನಾನು ಅಳೆದದ್ದು ಪುಡಿಯನ್ನು. ಅವಳು ಕುಡಿಯುತ್ತಿದ್ದದ್ದು ನೀರನ್ನು. ಮಾತ್ರೆಗೆ ಸಮ ಎಂದು ಅವಳು ನಂಬಿದ್ದ ಕಬ್ಬಿಣ ಎಷ್ಟೋ ತಿಂಗಳಿಂದ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಅಲ್ಲೇ ಲಲಿತಕ್ಕನನ್ನು ಕರೆದು ಹೇಳಿದೆ. ಇದನ್ನು ನಂಬಿಕೊಂಡು ಇರಬೇಡಿ, ಇವತ್ತೇ ಮಾತ್ರೆ ಶುರು ಮಾಡಿ, ನಾಳೆಯೇ ಹೊಸನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಲಲಿತಕ್ಕ ಗೋಡೆಯ ಕಡೆ ಕೈ ತೋರಿಸಿದಳು. "ಮತ್ತೆ ನೀವೇ ಬರ್ದಿದೀರಲ್ಲ ಮೇಡಂ?" ಎಂದಳು. ಜಗಳದ ದನಿಯಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಬರ್ದಿದೀನಿ. ಆದರೂ ಹೋಗಿ" ಎಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲಿಲ್ಲ.

ಒಂದು ಬಾಟಲಿಯಲ್ಲಿ ಸೋಸಿದ ಚಹಾ, ಒಂದು ಕವರಿನಲ್ಲಿ ಚರಟ ತುಂಬಿಕೊಂಡು ಸಾಗರಕ್ಕೆ ಬಂದೆ. ಚಹಾವನ್ನು ಒಣಗುವವರೆಗೆ ಕಾಯಿಸಿ, ಉಳಿದದ್ದನ್ನು ಸುಟ್ಟು ಬೂದಿ ಮಾಡಿದೆ. ಚರಟವನ್ನೂ ಬೇರೆಯಾಗಿ ಸುಟ್ಟೆ. ಆ ದಿನ ಯಂತ್ರಕ್ಕೆ ಹಾಕಲಿಲ್ಲ. ಬೀರುವಿನಲ್ಲಿದ್ದ ಜೋಯಿಸ್ ಸರ್ ಕಾಲದ ಗಾಜಿನ ನಳಿಗೆಗಳನ್ನು ತೆಗೆದು ತೊಳೆದು, ಹಳೆಯ ಮದ್ದನ್ನೇ ಹೊಸದಾಗಿ ಕಲಸಿ ಬಿಟ್ಟೆ. ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಚಹಾದ ನಳಿಗೆ ಕಂಡೂ ಕಾಣದಷ್ಟು ಗುಲಾಬಿ. ಚರಟದ್ದು ರಕ್ತಗೆಂಪು.

ಪೊಟ್ಯಾಸಿಯಂ ನೋಡಿದರೆ ಅದು ಹೆಚ್ಚುಕಡಿಮೆ ಪೂರ್ತಿ ನೀರಿಗೆ ಇಳಿದಿತ್ತು. ಕಳಲೆಯಲ್ಲೂ ಹಾಗೆಯೇ ಆಗಿತ್ತಲ್ಲ. ಕಬ್ಬಿಣ ಮಾತ್ರ ಹಟಮಾರಿ, ಹೊಟ್ಟು ಬಿಟ್ಟು ಬಂದಿರಲಿಲ್ಲ. ಚಹಾದಲ್ಲಿ ಏನೂ ಇರಲಿಲ್ಲವೆಂದಲ್ಲ. ಒಂದು ಮಾತ್ರೆಗೆ ಸಮ ಮಾಡಬೇಕಾದರೆ ಅವಳು ದಿನಕ್ಕೆ ಕೊಡಗಟ್ಟಲೆ ಕುಡಿಯಬೇಕಿತ್ತು. ಇದನ್ನು ಮೊದಲ ದಿನವೇ ಮಾಡಿದ್ದರೆ ಅರ್ಧ ದಿನದ ಕೆಲಸ. 'ನೀ ಎಂತ ಅಳದ್ದೆ ಹೇಳಿ ನಿಂಗೇ ಗೊತ್ತಿಲ್ಲೆ' ಎಂಬ ಮಾತು ಪಕ್ಕದಲ್ಲೇ ನಿಂತು ಯಾರೋ ಹೇಳಿದ ಹಾಗೆ ಕೇಳಿಸಿತು. ಬಾಗಿಲು ಹಾಕಿಕೊಂಡು ಅತ್ತೆ.

ಗಿರಿಜಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕ್ಷಮಿಸು ಎಂದೂ ಹೇಳಿದೆ. ಅವಳು, "ನಿನ್ನೆಯೇ ಹೊಸನಗರಕ್ಕೆ ಕರ್ಕಂಡು ಹೋದ್ವಿ ಮೇಡಂ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದಾರೆ" ಎಂದಳು. ಶಿವಮೊಗ್ಗದಲ್ಲಿ ಸವಿತಳಿಗೆ ರಕ್ತ ಕೊಟ್ಟರು. ಅವಳು ಚೇತರಿಸಿಕೊಂಡಳು. ಆದರೆ ಏಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ಎರಡು ದಿನ ಇತ್ತು.

ರಕ್ತ ಕಡಿಮೆ ಇದ್ದದ್ದೂ ಒಂದು ಕಾರಣ ಇರಬಹುದು ಎಂದರಂತೆ ಡಾಕ್ಟರು. ಅದೊಂದೇ ಎಂದು ಅವರು ಹೇಳಲಿಲ್ಲ. ಆ 'ಇರಬಹುದು' ಎಂಬುದನ್ನು ಹಿಡಿದುಕೊಂಡು ನಾನು ತಪ್ಪಿಸಿಕೊಳ್ಳಬಹುದಿತ್ತು. ಕೆಲವರು ಹಾಗೆ ಸಮಾಧಾನವನ್ನೂ ಹೇಳಿದರು. ಗಿರಿಜಾಳ ಮಾತು ತಳ್ಳಿಹಾಕಿ ಕಳೆದ ಆ ಮೂರು ವಾರ ನನ್ನದು ಎಂಬುದು ನನಗೆ ಗೊತ್ತಿದೆ.

ತಿಂಗಳು ಕಳೆದ ಮೇಲೆ ಲಲಿತಕ್ಕ ಒಬ್ಬಳೇ ಲ್ಯಾಬಿಗೆ ಬಂದಳು. ಕೈಚೀಲದಿಂದ ಆ ಲ್ಯಾಮಿನೇಷನ್ ಮಾಡಿದ ರಿಪೋರ್ಟ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಕುಂಕುಮದ ಬೊಟ್ಟು ಒರೆಸಿದ್ದರೂ ಕಲೆ ಉಳಿದಿತ್ತು.

"ಇದ್ರಲ್ಲಿ ಎಲ್ಲಿ ತಪ್ಪೈತೆ ಅಂತ ತೋರ್ಸಿ ಮೇಡಂ. ಯಾರ್ ಹತ್ರ ಓದ್ಸಿದ್ರೂ ತಪ್ಪಿಲ್ಲ ಅಂತಾರೆ."

ನಾನು ಓದಿದೆ. ಮೇಲಿಂದ ಕೆಳಗೆ, ಮತ್ತೊಮ್ಮೆ. ಒಂದು ಅಂಕಿಯೂ ತಪ್ಪಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ 'ಈ ಫಲಿತಾಂಶ ಪರೀಕ್ಷೆಗೆ ಕೊಟ್ಟ ಮಾದರಿಗೆ ಮಾತ್ರ ಅನ್ವಯ' ಎಂದಿತ್ತು. ಎಲ್ಲ ರಿಪೋರ್ಟಿನಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. ಅದನ್ನು ತೋರಿಸಿ ಬಚಾವಾಗುವ ಯೋಚನೆ ಬಂದದ್ದು ಸುಳ್ಳಲ್ಲ. ಅವಳ ಮುಖ ನೋಡಿ ಬಿಟ್ಟೆ.

"ಕಾಗದದಲ್ಲಿ ತಪ್ಪಿಲ್ಲ ಲಲಿತಕ್ಕ. ನೀವು ಇದನ್ನು ಹೇಗೆ ಕುಡಿಯುತ್ತೀರಿ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು."

"ಸೋಸಿ ಕುಡೀತಾರೆ ಅಂತ ಯಾರಿಗೆ ಗೊತ್ತಿಲ್ಲ ಮೇಡಂ?" ಎಂದಳು.

ನಮ್ಮನೆಯಲ್ಲೂ ದಿನಾ ಬೆಳಿಗ್ಗೆ ಕಷಾಯ ಸೋಸುವವಳು ನಾನೇ.

ಅವಳು ರಿಪೋರ್ಟನ್ನು ಅಲ್ಲೇ ಬಿಟ್ಟು ಹೋದಳು. ಗುಂಪಿನವರು ಪೊಟ್ಟಣದ ಮೇಲಿನ ಬರಹ ಬದಲಿಸಿದರು. ಕಬ್ಬಿಣದ ಮಾತು ತೆಗೆದು, ಇದು ಮಾತ್ರೆಗೆ ಬದಲಲ್ಲ ಎಂದು 'ಬಸುರಿಯರು ಗಮನಿಸಿ' ಎಂಬ ಸಾಲಿನಡಿ ಹಾಕಿದರು. ಲೋಟದಲ್ಲಿ ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ನಾನು ಬೇರೆಯಾಗಿ ಮಾಡಿಕೊಟ್ಟೆ. ತೀರ್ಥಹಳ್ಳಿಗೆ ಹೋಗಿ ಆ ಬೋರ್ಡನ್ನು ನಿಂತು ತೆಗೆಸಿದೆ. ಅಂಗಡಿಯವನು ಗೊಣಗಿದ. ವ್ಯಾಪಾರ ಕಡಿಮೆಯಾಯಿತು, ಆದರೆ ಗುಂಪು ಮುರಿಯಲಿಲ್ಲ. ಈಗಲೂ ಆ ಚಹಾ ಸಿಗುತ್ತದೆ, ರುಚಿಗೆ ಕುಡಿಯಿರಿ, ಬಾಯಿಗೆ ಹಿತವಾಗಿದೆ.

ಕಂಪ್ಯೂಟರಿನ ನಮೂನೆಯಲ್ಲಿ ಜಾಗ ಮಾಡಿಸಲು ಆಮೇಲೂ ನನ್ನಿಂದಾಗಲಿಲ್ಲ. ಅದಕ್ಕೆ ಎಲ್ಲೆಲ್ಲಿಂದಲೋ ಅನುಮತಿ ಬೇಕಂತೆ. ಪ್ರತಿ ಅರ್ಜಿಯ ಹಿಂಬದಿಗೆ ಪೆನ್ನಿನಲ್ಲಿ 'ಹೇಗೆ ತಿನ್ನುತ್ತಾರೆ?' ಎಂದು ಬರೆದು ಕೇಳಲು ಶುರು ಮಾಡಿದೆ. ಕೆಲಸ ಬಿಡುವ ದಿನದವರೆಗೂ ಬರೆದೆ. ನೀವು ಯಾವ ಲ್ಯಾಬಿಗೆ ಹೋದರೂ ಬರೆಯಿರಿ. ನಿಮ್ಮನ್ನು ತಲೆಹರಟೆ ಎಂದಾರು, ಅನ್ನಲಿ.

ನನ್ನ ಕೊನೆಯ ದಿನ ಲಲಿತಕ್ಕ ಬಂದಿದ್ದಳು. ಯಾರು ಹೇಳಿದರೋ ಗೊತ್ತಿಲ್ಲ. ಜೊತೆಗೆ ಸವಿತಾ. ಮುಖದಲ್ಲಿ ಬಣ್ಣ ಬಂದಿತ್ತು. ಮಧ್ಯಾಹ್ನದ ಹೊತ್ತು, ಲ್ಯಾಬಿನವರು ಹಾರ ಹಾಕಿ ಫೋಟೋ ತೆಗೆದು ಮುಗಿಸಿದ್ದರು. ಲಲಿತಕ್ಕ ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದಳು. ಕೊಬ್ಬಿದ, ಹೊಳೆಯುವ ಹಣ್ಣು.

"ಬರಿಗೈಲಿ ಬರ್ಬಾರ್ದು ಅಂತ ತಂದ್ವಿ ಮೇಡಂ. ಹಿತ್ಲುದು."

"ಒಗೆಯೋ ಕಲ್ಲಿನ ಪಕ್ಕದ್ದಾ?" ಎಂದು ಕೇಳಿಬಿಟ್ಟೆ.

ಲಲಿತಕ್ಕ ನೆಲ ನೋಡಿದಳು. ಸವಿತಾ ಹೇಳಿದಳು, "ಹೌದು ಮೇಡಂ. ಈ ಸಲ ಗೊನೆ ಭಾರೀ ಚೆನ್ನಾಗಿ ಬಂತು." ಒಂದು ಹಣ್ಣು ಮುರಿದು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳುವವರೆಗೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಮನೆಗೆ ಒಯ್ದು ತಿನ್ನುತ್ತೇನೆ ಎನ್ನಬಹುದಿತ್ತು. ಇಬ್ಬರೂ ನಿಂತೇ ಇದ್ದರು. ಸುಲಿದೆ. ಅವರೆದುರೇ ಪೂರ್ತಿ ತಿಂದೆ.

"ಹೇಗಿದೆ ಮೇಡಂ?" ಎಂದು ಕೇಳಿದಳು ಸವಿತಾ.

"ಸಿಹಿಯಾಗಿದೆ" ಎಂದೆ. ನಿಜಕ್ಕೂ ಸಿಹಿಯಾಗಿತ್ತು.